ಕ್ವಾಸಿ ವಿರೆಡು: ತಾಯ್ನುಡಿಯ ಒರೆಗಲ್ಲಿನಲ್ಲಿ ತತ್ತ್ವ

ಆಫ್ರಿಕಾದ ಬರಹವೆಂದೊಡನೆ ನಮಗೆ ಅಚಿಬೆ, ಸೋಯಿಂಕಾ, ಗೂಗಿ ನೆನಪಾಗುತ್ತಾರೆ. ಅಲ್ಲಿನ ಕಥೆಗಾರರನ್ನು ಬಲ್ಲ ನಾವು ತತ್ತ್ವಜ್ಞರನ್ನು ಅಷ್ಟಾಗಿ ಅರಿಯೆವು. ಕ್ವಾಸಿ ವಿರೆಡು ಅಂಥವರಲ್ಲಿ ಒಬ್ಬರು. ಇಂದಿನ ಘಾನಾ ಇನ್ನೂ ಬ್ರಿಟಿಷರ ಆಳ್ವಿಕೆಯಲ್ಲಿದ್ದ 1931ರಲ್ಲಿ, ಅಶಾಂತಿ ಅರಸರ ರಾಜಧಾನಿಯಾದ ಕುಮಾಸಿಯಲ್ಲಿ ಅವರು ಹುಟ್ಟಿದರು. ದೇಶ ಸ್ವತಂತ್ರವಾದ ಮರುವರ್ಷ, 1958ರಲ್ಲಿ, ಲೆಗಾನ್‌ನಲ್ಲಿ ಪದವಿ ಮುಗಿಸಿ ಆಕ್ಸ್‌ಫರ್ಡ್‌ಗೆ ಹೋದರು. ಅಲ್ಲಿ ಗಿಲ್ಬರ್ಟ್ ರೈಲ್ ಅವರ ಮಾರ್ಗದರ್ಶನ ದೊರೆಯಿತು. ಮರಳಿ ಬಂದು ತಾಯ್ನಾಡಿನಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಪಾಠ ಹೇಳಿದರು, ಬಳಿಕ ಅಮೆರಿಕದ ಫ್ಲಾರಿಡಾದಲ್ಲಿ ನೆಲಸಿದರು. 2022ರ ಜನವರಿಯಲ್ಲಿ ತೀರಿಕೊಂಡರು.

ಓದಿದ್ದು ಯೂರೋಪಿನ ತತ್ತ್ವಶಾಸ್ತ್ರ, ಮನೆಮಾತು ಅಕಾನ್ ಜನರ ಟ್ವಿ. ಇವೆರಡರ ನಡುವಿನ ಇಕ್ಕಟ್ಟನ್ನೇ ವಿರೆಡು ತಮ್ಮ ವಿಧಾನವನ್ನಾಗಿಸಿಕೊಂಡರು. ಪರಭಾಷೆಯಲ್ಲಿ ಕಲಿತ ಸಮಸ್ಯೆಯೊಂದನ್ನು ತಾಯ್ನುಡಿಯಲ್ಲಿ ಯೋಚಿಸಿ ನೋಡಬೇಕು. ಅಲ್ಲಿಯೂ ಅದು ಸಮಸ್ಯೆಯಾಗಿಯೇ ಉಳಿಯುವುದೋ, ಕರಗಿಹೋಗುವುದೋ ಗಮನಿಸಬೇಕು. ‘ವಾಸ್ತವಕ್ಕೆ ಹೊಂದುವ ಹೇಳಿಕೆಯೇ ಸತ್ಯ’ ಎಂಬ ಪ್ರಸಿದ್ಧ ಸಿದ್ಧಾಂತವನ್ನೇ ತೆಗೆದುಕೊಳ್ಳೋಣ. ಟ್ವಿಯಲ್ಲಿ ‘ಸತ್ಯವಾಗಿದೆ’ ಎನ್ನಲೂ ‘ವಾಸ್ತವ’ ಎನ್ನಲೂ ಇರುವುದು ‘ಹಾಗಿದೆ’ ಎಂಬ ಒಂದೇ ಮಾತು. ಆಗ ಸಿದ್ಧಾಂತ ‘ಹಾಗಿರುವುದು ಹಾಗಿದೆ’ ಎಂದಷ್ಟೇ ಹೇಳುತ್ತದೆ. ಇನ್ನು ‘ನೋಕ್ವಾರೆ’ ಎಂಬ ಪದವಿದೆ. ಅದರ ಮೂಲಾರ್ಥ ‘ಒಂದೇ ಬಾಯಿ’. ಸುಳ್ಳುಗಾರನನ್ನು ಎರಡು ನಾಲಿಗೆಯವನೆನ್ನುವ ನಮಗೆ ಇದು ಅಪರಿಚಿತವೆನಿಸದು. ಆದರೆ ಆ ಪದ ಸೂಚಿಸುವುದು ಮನುಷ್ಯನ ಪ್ರಾಮಾಣಿಕತೆಯನ್ನು.

ಡೆಕಾರ್ಟನ ‘ಯೋಚಿಸುತ್ತೇನೆ, ಆದ್ದರಿಂದ ಇದ್ದೇನೆ’ ಎಂಬ ಮಾತೂ ಹೀಗೆಯೇ. ಅಕಾನ್ ನುಡಿಯಲ್ಲಿ ‘ಇರುವುದು’ ಎಂದರೆ ಒಂದೆಡೆ ಇರುವುದು. ದೇಹವನ್ನು ಕಳಚಿಟ್ಟು, ಎಲ್ಲಿಯೂ ಇಲ್ಲದೆ ಬರಿದೇ ‘ಇರುವ’ ಮನಸ್ಸು ಆ ನುಡಿಗೆ ನಿಲುಕುವುದಿಲ್ಲ. ಕನ್ನಡದಲ್ಲಿಯೂ ‘ಇದ್ದೇನೆ’ ಎಂದರೆ ‘ಎಲ್ಲಿ?’ ಎಂಬ ಪ್ರಶ್ನೆ ಬೆನ್ನಲ್ಲೇ ಬರುತ್ತದೆ. ನಾವಾದರೋ ಸಂಸ್ಕೃತದ ‘ಅಸ್ತಿತ್ವ’ವನ್ನು ಕರೆತಂದು ಡೆಕಾರ್ಟನನ್ನು ಸಲೀಸಾಗಿ ದಾಟಿಸಿಬಿಡುತ್ತೇವೆ. ಹಾಗೆ ದಾಟಿಸಿದಾಗ ನಾವು ಯೋಚಿಸಿದೆವೇ, ಬರಿದೇ ಅನುವಾದಿಸಿದೆವೇ?

ಇದನ್ನು ನುಡಿಯ ದುರಭಿಮಾನವೆಂದು ತಿಳಿಯಲಾಗದು. ಟ್ವಿಗೆ ಒಗ್ಗದ್ದೆಲ್ಲ ಸುಳ್ಳೆಂದು ವಿರೆಡು ಹೇಳಲಿಲ್ಲ. ತಿರಸ್ಕರಿಸಲು ಯಾವ ನುಡಿಯವರೂ ತೂಗಿ ನೋಡಬಹುದಾದ ಕಾರಣ ಬೇಕೆಂದರು. ಗೂಗಿ ಕಾದಂಬರಿಗಾಗಿ ಗಿಕುಯು ಭಾಷೆಗೆ ಮರಳಿದರೆ, ಇವರ ಮುಖ್ಯ ಗ್ರಂಥಗಳು ಇಂಗ್ಲಿಷಿನಲ್ಲಿಯೇ ಇವೆ. ತಮ್ಮವರ ಪರಂಪರೆಯನ್ನೂ ಅವರು ಬಿಡಲಿಲ್ಲ: ಕಾಲಕ್ಕೊಗ್ಗದ ರೂಢಿ, ಹಿರಿಯರ ಅಧಿಕಾರಕ್ಕೆ ಕುರುಡು ವಿಧೇಯತೆ, ಅಲೌಕಿಕದ ಹಂಬಲ ಇವನ್ನು 1980ರ ಗ್ರಂಥದಲ್ಲಿ ಕಟುವಾಗಿ ಟೀಕಿಸಿದರು. ಆಫ್ರಿಕಾದ ಜನಪದ ನಂಬಿಕೆಯನ್ನು ಯೂರೋಪಿನ ವಿಜ್ಞಾನದೊಡನೆ ತೂಗುವುದು ಅನ್ಯಾಯ, ಯೂರೋಪಿನ ಜನಪದ ನಂಬಿಕೆಯೊಡನೆ ತೂಗಿರಿ ಎಂದವರೂ ಅವರೇ. ನಮ್ಮಲ್ಲಿ ಪುರಾಣ ಮತ್ತು ವಿಜ್ಞಾನಗಳನ್ನು ಒಂದೇ ತಕ್ಕಡಿಗೆ ಹಾಕುವ ಎರಡೂ ಪಕ್ಷದವರಿಗೆ ಈ ಮಾತು ತಲುಪಬೇಕಿತ್ತು.

ಅವರ ರಾಜಕೀಯ ಚಿಂತನೆ ಮಾತ್ರ ನಮ್ಮನ್ನು ಪೂರ್ತಿ ಒಪ್ಪಿಸುವುದಿಲ್ಲ. ಅಶಾಂತಿ ಸಭೆಗಳಲ್ಲಿ ಕುಲದ ಹಿರಿಯರು ಎಣಿಕೆಯಿಂದ ಗೆಲ್ಲದೆ, ಒಮ್ಮತ ಮೂಡುವವರೆಗೆ ಮಾತಾಡುತ್ತಿದ್ದರು. ಆ ಮಾದರಿಯಲ್ಲಿ ಪಕ್ಷಗಳ ಪೈಪೋಟಿಯಿಲ್ಲದ ಪ್ರಜಾಪ್ರಭುತ್ವ ಸಾಧ್ಯವೆಂದು ಅವರು ವಾದಿಸಿದರು. ಅದಕ್ಕೆ ಅಕಾನ್ ಕಲೆಯ ಒಂದು ಆಕೃತಿಯನ್ನು ತೋರಿಸಿದರು: ಎರಡು ತಲೆ, ಒಂದೇ ಹೊಟ್ಟೆಯ ಮೊಸಳೆ. ತುತ್ತಿಗಾಗಿ ತಲೆಗಳು ಕಚ್ಚಾಡಿದರೂ ಸೇರುವುದು ಒಂದೇ ಹೊಟ್ಟೆಗೆ. ಹೊಟ್ಟೆ ನಿಜಕ್ಕೂ ಒಂದೆಯೇ, ಅದನ್ನು ತನ್ನದೊಂದೇ ಎಂದುಕೊಳ್ಳುವ ತಲೆಗಳಿಲ್ಲವೇ ಎಂದು ನೈಜೀರಿಯಾ ಮೂಲದ ತತ್ತ್ವಜ್ಞ ಇಮ್ಯಾನ್ಯುಯೆಲ್ ಈಜೆ ಶಂಕಿಸಿದರು. ನಮ್ಮ ಒಲವು ಸದ್ಯಕ್ಕೆ ಈಜೆಯವರ ಕಡೆಗಿದೆ.