ಯಿಶಿಂಗ್ ಟೀಪಾಟ್: ಮುದ್ರೆಗಿಂತ ಮಣ್ಣು ಮೇಲು

ಚೀನಾದ ಜಿಯಾಂಗ್ಸು ಪ್ರಾಂತ್ಯದಲ್ಲಿ, ತಾಯ್ ಸರೋವರದ ಪಶ್ಚಿಮಕ್ಕೆ ಯಿಶಿಂಗ್ ಇದೆ. ಅಲ್ಲಿ ತಯಾರಾಗುವ, ಮೆರುಗುಲೇಪವಿಲ್ಲದ ಮಣ್ಣಿನ ಟೀಪಾಟ್‌ಗಳಲ್ಲಿ ಎಷ್ಟೋ ಅಂಗೈಯಲ್ಲಿ ಕೂರುವಷ್ಟು ಪುಟ್ಟವು. ನೋಡಲು ಸಾದಾ. ಆದರೂ 2010ರಲ್ಲಿ ಬೀಜಿಂಗ್‌ನ ಹರಾಜೊಂದರಲ್ಲಿ ಗು ಜಿಂಗ್‌ಝೌ (1915–1996) ಮಾಡಿದ ಪಾಟ್ ಒಂದು ಕೋಟಿ ಯುವಾನ್ ದಾಟಿತು.

ಹುಟ್ಟು

ಮಿಂಗ್ ವಂಶದ ಮೊದಲ ಚಕ್ರವರ್ತಿ 1391ರಲ್ಲಿ ಅಚ್ಚುಚಹಾದ ಕಾಣಿಕೆಯನ್ನು ನಿಲ್ಲಿಸಿ, ಬಿಡಿ ಎಲೆಯನ್ನೇ ಕಳಿಸಿ ಎಂದ. ಎಲೆಯನ್ನು ಬಿಸಿನೀರಿನಲ್ಲಿ ನೆನೆಸಿ ಕುಡಿಯುವ ರೂಢಿ ಹಬ್ಬಿದಂತೆ ಟೀಪಾಟ್‌ಗೂ ಬೇಡಿಕೆ ಬಂತು. ಯಿಶಿಂಗ್‌ನಲ್ಲಿ ಗಾಂಗ್ ಚುನ್ ಎಂಬ ಸೇವಕ ದೇಗುಲದ ಸನ್ಯಾಸಿಯಿಂದ ಟೀಪಾಟ್ ಮಾಡುವ ವಿದ್ಯೆ ಕಲಿತ ಎಂಬುದು ಪರಂಪರೆ ಹೇಳುವ ಕಥೆ. ಕಾಲ ಹೇಳಬಲ್ಲ ಗಟ್ಟಿ ಸಾಕ್ಷಿ ಬೇರೆಯೇ ಇದೆ: ನಾನ್‌ಜಿಂಗ್‌ನಲ್ಲಿ ವು ಜಿಂಗ್ ಎಂಬ ಅರಮನೆಯ ಅಧಿಕಾರಿಯ 1533ರ ಸಮಾಧಿಯಲ್ಲಿ ಸಿಕ್ಕ, ಮೇಲೆ ಕಮಾನಿನಂಥ ಹಿಡಿಯಿರುವ ಪಾಟ್.

ಮಣ್ಣು, ಕೈಕೆಲಸ

ಇಲ್ಲಿನ ಮಣ್ಣಿಗೆ ಜಿಶಾ ಎಂದು ಹೆಸರು. ಕಲ್ಲಿನಂತೆ ಗಟ್ಟಿಯಾಗಿ ಸಿಗುವ ಇದನ್ನು ಬಿಸಿಲು ಮಳೆಗೆ ಒಡ್ಡಿ, ಪುಡಿಮಾಡಿ, ಜರಡಿ ಹಿಡಿದು ಹದಗೊಳಿಸುತ್ತಾರೆ. ಕೆನ್ನೇರಳೆ, ಕೆಂಪು, ತಿಳಿಹಳದಿ ಬಗೆಗಳಿವೆ. ಕೆಂಪುಮಣ್ಣು ಆವಿಗೆಯಲ್ಲಿ ಬಹಳ ಕುಗ್ಗುವುದರಿಂದ ದೊಡ್ಡ ಪಾಟ್‌ಗೆ ಒಗ್ಗುವುದು ಕಷ್ಟ.

ಸಾಂಪ್ರದಾಯಿಕ ಕೆಲಸದಲ್ಲಿ ತಿಗರಿಯ ಬಳಕೆಯಿಲ್ಲ. ಮಣ್ಣನ್ನು ಬಡಿದು ಹಾಳೆ ಮಾಡಿ, ಪಟ್ಟಿ ಕತ್ತರಿಸಿ, ಸುತ್ತಿ ಬೆಸೆಯುತ್ತಾರೆ. ಆಮೇಲೆ ಮರದ ಹಲಗೆಯಿಂದ ಹೊರಗಿನಿಂದ ತಟ್ಟುತ್ತಾ ಒಳಗೆ ಬೆರಳಿನ ಆಸರೆ ಕೊಟ್ಟು ಹೊಟ್ಟೆ ಉಬ್ಬಿಸುತ್ತಾರೆ. ಬೆಸುಗೆ ಸಾಮಾನ್ಯವಾಗಿ ಹಿಡಿಯ ಕಡೆಗೆ ಬರುತ್ತದೆ. ಸಂಗ್ರಾಹಕರು ಪಾಟ್‌ನೊಳಗೆ ಟಾರ್ಚ್ ಬಿಟ್ಟು ಹುಡುಕುವುದು ಆ ಗುರುತನ್ನೇ.

ಮುದ್ರೆಯ ತಕರಾರು

ಪಾಟ್‌ನ ತಳದಲ್ಲಿ, ಮುಚ್ಚಳದ ಒಳಗೆ, ಹಿಡಿಯ ಕೆಳಗೆ ಕುಶಲಕರ್ಮಿಯ ಮುದ್ರೆ ಇರುವುದುಂಟು. ಹೊಸಬರು ಮೊದಲು ನೋಡುವುದು ಅದನ್ನೇ, ಮೋಸ ಹೋಗುವುದೂ ಅಲ್ಲೇ. ಮಿಂಗ್ ಕಾಲದ ಶಿ ದಾಬಿನ್, ಚಿಂಗ್ ಕಾಲದ ಚೆನ್ ಮಿಂಗ್‌ಯುವಾನ್ ಇವರ ಹೆಸರುಗಳನ್ನು ನಂತರದವರು ಧಾರಾಳವಾಗಿ ಒತ್ತಿದ್ದಾರೆ. ಮುದ್ರೆ ಕೆತ್ತಲು ಎಷ್ಟು ಹೊತ್ತು ಬೇಕು?

ಈ ನಕಲು ಕೆಲಸದ ದೊಡ್ಡ ಅಧ್ಯಾಯ ನಡೆದದ್ದು 1920–30ರ ದಶಕಗಳ ಶಾಂಘೈನಲ್ಲಿ. ಅಲ್ಲಿನ ಪುರಾತನ ವಸ್ತುಗಳ ವ್ಯಾಪಾರಿಗಳು ಯಿಶಿಂಗ್‌ನ ನುರಿತವರನ್ನು ಕರೆಸಿ ಹಳೆಯ ಪಾಟ್‌ಗಳ ಪ್ರತಿಕೃತಿ ಮಾಡಿಸಿದರು. ಹಾಗೆ ದುಡಿದವರಲ್ಲಿ ಯುವಕ ಗು ಜಿಂಗ್‌ಝೌ ಇದ್ದರು, ತುಸು ನಂತರ ಜಿಯಾಂಗ್ ರೊಂಗ್ ಎಂಬ ಕಲಾವಿದೆಯೂ ಸೇರಿದರು. ಆ ನಕಲುಗಳು ಇಂದು ತಾವೇ ಬೆಲೆಬಾಳುವ ವಸ್ತುಗಳು. ಹೀಗಿರುವಾಗ ನಕಲಿ ಎಂದು ಮೂಗು ಮುರಿಯುವುದಾದರೂ ಹೇಗೆ? ಬೂಟ್ ಪಾಲಿಶ್ ತಿಕ್ಕಿ ಹಳತು ಮಾಡಿದ ಅಗ್ಗದ ಮಾಲಿನ ಮಾತು ಬೇರೆ. ಅದನ್ನು ಮೂಗೇ ಹಿಡಿದುಕೊಡುತ್ತದೆ.

ಕೈಯಲ್ಲಿ ಹಿಡಿದಾಗ

ಮೂತಿ, ಹಿಡಿ, ಮುಚ್ಚಳದ ಗುಂಡಿ ಒಂದೇ ಗೆರೆಯಲ್ಲಿರಬೇಕು. ನೀರು ಸುರಿಯುವಾಗ ಮುಚ್ಚಳದ ಗಾಳಿತೂತನ್ನು ಬೆರಳಿನಿಂದ ಮುಚ್ಚಿದರೆ ಧಾರೆ ನಿಲ್ಲಬೇಕು. ಮುಚ್ಚಳ ಬಿಗಿಯಾಗಿ ಕೂತಿದೆ ಎಂಬುದಕ್ಕೆ ಅದೇ ಪರೀಕ್ಷೆ. ಮೂತಿಯ ಬುಡದಲ್ಲಿ ಒಂದೇ ತೂತಿದ್ದರೆ ಹಳೆಯ ಕಾಲದ ರಚನೆ. ಉಬ್ಬಿದ ಚೆಂಡಿನಂಥ ಜಾಲರಿಯಿದ್ದರೆ ಅದು 20ನೇ ಶತಮಾನದ ಕೊನೆಯ ಭಾಗದ ರೂಢಿ. ಅಂಥದ್ದನ್ನು ಚಿಂಗ್ ಕಾಲದ್ದೆಂದು ಹೇಳಿದರೆ ಎದ್ದುಬರುವುದೇ ಲೇಸು.

ಬಳಸುವವರು ಸೋಪು ಹಾಕುವುದಿಲ್ಲ. ಮಣ್ಣಿನ ಸೂಕ್ಷ್ಮ ರಂಧ್ರಗಳು ವಾಸನೆ ಹೀರುತ್ತವೆಂದು ಒಂದು ಪಾಟ್‌ಗೆ ಒಂದೇ ಬಗೆಯ ಚಹಾ ಮೀಸಲಿಡುತ್ತಾರೆ. ವರ್ಷಗಟ್ಟಲೆ ಬಳಸಿದ ಮೈಗೆ ಬರುವ ಹೊಳಪು ಬೀರುವಿನಲ್ಲಿಟ್ಟ ಪಾಟ್‌ಗೆ ಬಾರದು.

ಸಂಗ್ರಹಾಲಯ, ಯುರೋಪಿನ ಕವಲು

ಅಸಲಿಯನ್ನು ಕಣ್ಣಿಗೆ ರೂಢಿಸಿಕೊಳ್ಳಲು ಹಾಂಗ್‌ಕಾಂಗ್‌ನ ಫ್ಲ್ಯಾಗ್‌ಸ್ಟಾಫ್ ಹೌಸ್ ಚಹಾಪರಿಕರ ಸಂಗ್ರಹಾಲಯ ಒಳ್ಳೆಯ ಜಾಗ. ಸೋಯಾ ಹಾಲಿನ ಉದ್ಯಮಿ ಕೆ. ಎಸ್. ಲೋ ದಾನವಿತ್ತ ಸಂಗ್ರಹದಿಂದ 1984ರಲ್ಲಿ ಅದು ತೆರೆಯಿತು.

17ನೇ ಶತಮಾನದಲ್ಲಿ ಚಹಾದ ಜೊತೆ ಯುರೋಪಿಗೆ ಹೋದ ಯಿಶಿಂಗ್ ಪಾಟ್‌ಗಳನ್ನು ನೋಡಿ ಡೆಲ್ಫ್ಟ್‌ನಲ್ಲಿ ಆರಿ ಡಿ ಮಿಲ್ಡ, ಸ್ಟಾಫರ್ಡ್‌ಶೈರ್‌ನಲ್ಲಿ ಎಲರ್ಸ್ ಸಹೋದರರು ಕೆಂಪು ಪಾಟ್‌ಗಳನ್ನು ಮಾಡಿದರು. 18ನೇ ಶತಮಾನದ ಇಂಗ್ಲಿಷ್ ಕೆಂಪು ಪಾಟ್‌ಗಳಲ್ಲಿ ಕೆಲವಕ್ಕೆ ತಳದಲ್ಲಿ ಚೀನೀ ಅಕ್ಷರದಂಥ ಚೌಕ ಮುದ್ರೆಯೂ ಇದೆ. ಚೀನಾದವರಿಗೂ ಅದನ್ನು ಓದಲಾಗದು.