ನಿಕಲೇಟ್‌ಗಳ ಮಲ್ಟಿಫೆರೋಯಿಕ್ ಗುಣ: ಒಂದು ಮುನ್ಸೂಚನೆಯ ಇತಿಹಾಸ

ಕಾಂತೀಯ ಕ್ರಮವೂ ತಾನಾಗಿ ಮೂಡುವ ವಿದ್ಯುತ್ ಧ್ರುವೀಕರಣವೂ ಒಟ್ಟಿಗೇ ಇರುವ ವಸ್ತುವನ್ನು ಮಲ್ಟಿಫೆರೋಯಿಕ್ ಎನ್ನುತ್ತಾರೆ. ನಿಕಲ್‌ಗೂ ಈ ಗುಣಕ್ಕೂ ಇರುವ ನಂಟು ಹಳೆಯದು. ಹ್ಯಾನ್ಸ್ ಶ್ಮಿಡ್ ಮತ್ತು ಸಂಗಡಿಗರು 1966ರಲ್ಲೇ ಜಿನೀವಾದಲ್ಲಿ ನಿಕಲ್-ಅಯೋಡಿನ್ ಬೊರಾಸೈಟ್ ಹರಳಿನಲ್ಲಿ ಇವೆರಡನ್ನೂ ಕಂಡಿದ್ದರು. ಅಲ್ಲಿ ಪ್ರಯೋಗ ಮುಂದಿತ್ತು. ವಿರಳ ಭೂಲೋಹಗಳ ನಿಕಲೇಟ್‌ಗಳ ವಿಷಯದಲ್ಲಿ ಮಾತ್ರ ಸಿದ್ಧಾಂತ ಮುಂದೆ ನಡೆಯಿತು.

ಪೆರೋವ್‌ಸ್ಕೈಟ್ ರಚನೆಯ ಈ ಆಕ್ಸೈಡ್‌ಗಳು ಬಿಸಿಯಲ್ಲಿ ಲೋಹದಂತೆ ವಿದ್ಯುತ್ತನ್ನು ಹರಿಸುತ್ತವೆ, ತಣಿದಾಗ ಅವಾಹಕವಾಗುತ್ತವೆ. ನಿಯೋಡಿಮಿಯಮ್ ನಿಕಲೇಟ್‌ನಲ್ಲಿ ಈ ಬದಲಾವಣೆ ಸುಮಾರು 200 ಕೆಲ್ವಿನ್‌ನಲ್ಲಿ ಆಗುತ್ತದೆ. 1990ರ ದಶಕದ ನ್ಯೂಟ್ರಾನ್ ವಿವರ್ತನೆ ಪ್ರಯೋಗಗಳು ಅದರ ಸ್ಪಿನ್‌ಗಳು, ಅಂದರೆ ಅಯಾನುಗಳ ಪುಟ್ಟ ಕಾಂತಗಳು, ಮೇಲೆ-ಮೇಲೆ-ಕೆಳಗೆ-ಕೆಳಗೆ ಎಂಬ ವಿಚಿತ್ರ ಸಾಲಿನಲ್ಲಿವೆ ಎಂದು ಸೂಚಿಸಿದವು. 1999ರಲ್ಲಿ ಯಿಟ್ರಿಯಮ್ ನಿಕಲೇಟ್‌ನಲ್ಲಿ ನಿಕಲ್ ಅಯಾನುಗಳು ಆವೇಶದಲ್ಲಿ ಎರಡು ಬಗೆಯಾಗಿ ಒಡೆದುಕೊಂಡು, ಒಂದು ಬಿಟ್ಟು ಒಂದರಂತೆ ಕುಳಿತಿರುವುದು ಗೊತ್ತಾಯಿತು.

ಮುನ್ಸೂಚನೆಯ ಬೇರು ಇರುವುದು ಇಲ್ಲೇ. ಆವೇಶದ ವಿನ್ಯಾಸಕ್ಕೆ ಸಮಮಿತಿಯ ಕೇಂದ್ರ ಅಯಾನಿನ ಮೇಲೆ ಬೀಳುತ್ತದೆ. ಸ್ಪಿನ್ ಸಾಲಿಗಾದರೋ ಎರಡು ಅಯಾನುಗಳ ನಡುವೆ. ಎರಡೂ ಒಂದೇ ಹರಳಿನಲ್ಲಿ ಸೇರಿದರೆ ಎರಡಕ್ಕೂ ಒಪ್ಪುವ ಕೇಂದ್ರವೇ ಉಳಿಯುವುದಿಲ್ಲ, ಧ್ರುವೀಕರಣಕ್ಕಿದ್ದ ಅಡ್ಡಿ ಹೋಗುತ್ತದೆ. ಒಂದೇ ದಿಕ್ಕಿನ ಸ್ಪಿನ್ ಜೋಡಿಯ ಬಂಧ ಒಂದು ಉದ್ದ, ಎದುರು ದಿಕ್ಕಿನದು ಇನ್ನೊಂದು ಉದ್ದವಾಗಿ, ಆವೇಶಗಳು ಒಂದೇ ಕಡೆ ಸರಿದು ಧ್ರುವೀಕರಣ ಹುಟ್ಟುತ್ತದೆ. ಸಿದ್ಧಾಂತಿಗಳಾದ ಯೆರೂನ್ ವಾನ್ ಡೆನ್ ಬ್ರಿಂಕ್ ಮತ್ತು ಡ್ಯಾನಿಯಲ್ ಖೋಮ್‌ಸ್ಕಿ 2008ರ ಹೊತ್ತಿಗೆ ಈ ತರ್ಕವನ್ನು ನಿಕಲೇಟ್‌ಗಳಿಗೂ ಅನ್ವಯಿಸಿದರು. 2009ರಲ್ಲಿ ಜಿಯಾನ್ಲುಕಾ ಜೊವಾನ್ನೆಟ್ಟಿ, ಸಿಲ್ವಿಯಾ ಪಿಕೋಜ್ಜಿ ಮೊದಲಾದವರು ಅವರ ಜೊತೆಗೂಡಿ, ಹೋಲ್ಮಿಯಮ್, ಲುಟೇಶಿಯಮ್, ಪ್ರಸಿಯೋಡಿಮಿಯಮ್, ನಿಯೋಡಿಮಿಯಮ್ ನಿಕಲೇಟ್‌ಗಳ ಎಲೆಕ್ಟ್ರಾನ್ ರಚನೆಯನ್ನು ಮೂಲತತ್ತ್ವಗಳಿಂದಲೇ ಲೆಕ್ಕಹಾಕಿ, ಧ್ರುವೀಕರಣ ಬಹಳ ದೊಡ್ಡದಿರಬೇಕೆಂದು ಹೇಳಿದರು.

ಆ ಲೆಕ್ಕದ ನಿಜವಾದ ಬೆಲೆ ಇನ್ನೊಂದು ಕಡೆ ಇದೆ. ಸ್ಪಿನ್‌ಗಳು ಒಂದೇ ಗೆರೆಯಲ್ಲಿವೆಯೋ, ಬೇರೆ ಬೇರೆ ದಿಕ್ಕಿಗೆ ಓರೆಯಾಗಿವೆಯೋ ಎಂಬ ವಾದ ವರ್ಷಗಳಿಂದ ಬಗೆಹರಿದಿರಲಿಲ್ಲ. ಧ್ರುವೀಕರಣದ ದಿಕ್ಕು ಮತ್ತು ಗಾತ್ರ ಅಳೆದರೆ ಅದಕ್ಕೆ ಉತ್ತರ ಸಿಗುತ್ತದೆ ಎಂದು ಅವರು ತೋರಿಸಿದರು.

ಅಳೆಯುವುದು ಸುಲಭವಾಗಿರಲಿಲ್ಲ. ಭಾರೀ ಆಮ್ಲಜನಕ ಒತ್ತಡವಿಲ್ಲದೆ ಈ ಆಕ್ಸೈಡ್‌ಗಳ ಹರಳು ಬೆಳೆಸುವುದು ಕಷ್ಟ. ಬಹುಕಾಲ ಪುಡಿ ಮಾದರಿಗಳೇ ಗತಿಯಾಗಿದ್ದವು. ಕೊನೆಗೆ 2021ರಲ್ಲಿ ಜಿನೀವಾ ವಿಶ್ವವಿದ್ಯಾಲಯದ ತಂಡ ಬಿಡಿ ಹರಳುಗಳ ಮೇಲೆ ರಾಮನ್ ರೋಹಿತ ಪರೀಕ್ಷೆ ನಡೆಸಿ, ಕಾಂತೀಯ ಕ್ರಮ ಮೂಡಿದ ನಂತರ ಹೊಸ ಕಂಪನ ರೇಖೆಗಳು ಕಾಣಿಸಿಕೊಳ್ಳುವುದನ್ನು ವರದಿ ಮಾಡಿತು. ಸಮಮಿತಿ ಕೇಂದ್ರ ಅಳಿದುಹೋದುದಕ್ಕೆ ಅದು ಸಾಕ್ಷ್ಯ, ಆದರೆ ಧ್ರುವೀಕರಣದ ಗಾತ್ರವನ್ನು ರಾಮನ್ ರೇಖೆಗಳು ಹೇಳುವುದಿಲ್ಲ.