ಇಲ್ಲಣ ಹೊಡೆದವರ ಲೆಕ್ಕ

ಸೊರಬ, ಶಿಕಾರಿಪುರದ ಕಡೆಯ ಹಳಬರನ್ನು ‘ಚಿಮಣಿ ಅಂದ್ರೆ ಏನು?’ ಅಂತ ಕೇಳಿ ನೋಡಿ. ಮಾಡಿನ ಕಡೆ ಕೈ ತೋರಿಸುವವರು ಕಡಿಮೆ. ಗೋಡೆಯ ಗೂಡಿನಲ್ಲಿ ಉರಿಯುತ್ತಿದ್ದ ಸೀಮೆಎಣ್ಣೆ ಬುಡ್ಡಿಯ ಕಥೆ ಹೇಳುತ್ತಾರೆ. ಸೀಮೆಎಣ್ಣೆಯನ್ನೇ ‘ಚಿಮಣಿ ಎಣ್ಣೆ’ ಅನ್ನುವವರಿದ್ದಾರೆ. ಲಾಟೀನಿನ ಗಾಜಿಗೆ ಇಂಗ್ಲಿಷಿನವರು ಇಟ್ಟ ಹೆಸರು ನಮ್ಮಲ್ಲಿ ದೀಪಕ್ಕೇ ಅಂಟಿಕೊಂಡಿತು, ಗಾಜಿಲ್ಲದ ಬುಡ್ಡಿಗೂ ಬಂತು. ಹೊಗೆಯನ್ನು ಹೊರಗೆ ಕಳಿಸುವ ಕೊಳವೆ ಅನ್ನೋ ಅದರ ಮೊದಲ ಅರ್ಥ ಮಾತ್ರ ನಮ್ಮ ಊರುಗಳಿಗೆ ಬಹಳ ಕಾಲ ಬರಲೇ ಇಲ್ಲ. ವಸ್ತುವೇ ಇಲ್ಲದಿದ್ದರೆ ಅರ್ಥ ಎಲ್ಲಿಂದ ಬರಬೇಕು?

ಇದನ್ನು ಹಿಂದುಳಿದಿರುವಿಕೆ ಅಂತ ಓದುವುದು ಸುಲಭ. ಆದರೆ ನಮ್ಮ ಮನೆಗಳಿಗೆ ಹೊಗೆ ಬೇಕಾಗಿತ್ತು. ಮಲೆನಾಡಿನ ಮಳೆಗಾಲದಲ್ಲಿ ಬಿಸಿಲು ಕಾಣದ ತಿಂಗಳುಗಳಿರುತ್ತವೆ. ಒಲೆಯ ಮೇಲಿನ ಅಟ್ಟವೇ ಆಗ ಮನೆಯ ಬಿಸಿಲು. ಹಸಿ ಸೌದೆ ಅಲ್ಲೇ ಒಣಗಬೇಕು. ಬಿತ್ತನೆಯ ಬೀಜ, ಮೆಣಸು, ಉಪ್ಪಿನ ಪಾತ್ರೆ ಎಲ್ಲಕ್ಕೂ ಅದೇ ಜಾಗ. ಜೋಳದ ತೆನೆ, ಬಾಳೆನಾರಿನಲ್ಲಿ ಕಟ್ಟಿದ ಸೌತೆಕಾಯಿ ಮಾಡಿನಿಂದ ತೂಗುತ್ತಿದ್ದವು. ಹೊಗೆ ತಾಗಿದ ಬಿದಿರಿಗೆ, ರೀಪಿಗೆ ಕುಟ್ಟೆಹುಳ ಬೇಗ ಬೀಳುವುದಿಲ್ಲ. ತಾಳೆಗರಿಯ ಕಟ್ಟುಗಳನ್ನೂ ಹುಳು ಹತ್ತದಿರಲಿ ಅಂತ ಇದೇ ಅಟ್ಟದಲ್ಲಿ ಇಡುತ್ತಿದ್ದದ್ದುಂಟು. ಆ ಗರಿಯ ಮೇಲೆ ಕಂಠದಿಂದ ಗೀರಿದ ಅಕ್ಷರ ಕಾಣಬೇಕಾದರೆ ಎಣ್ಣೆಯಲ್ಲಿ ಕಲಸಿದ ಮಸಿ ಬಳಿಯಬೇಕಿತ್ತು. ಬರೆಯುವ ಶಾಯಿಗೂ ಒಲೆಯ ಕರಿಗೂ ಕನ್ನಡದಲ್ಲಿ ‘ಮಸಿ’ ಅನ್ನೋ ಒಂದೇ ಮಾತು ಸುಮ್ಮನೆ ಬಂದಿದ್ದಲ್ಲ. ಮಾಡಿಗೆ ಜಿಡ್ಡಾಗಿ ಕಟ್ಟಿ ಎಳೆಯೆಳೆಯಾಗಿ ನೇತಾಡುವ ಮಸಿಗೆ ‘ಇಲ್ಲಣ’ ಅಂತ ಬೇರೆಯೇ ಹೆಸರು. ಕೈ ಕೊಯ್ದರೆ ಗಾಯಕ್ಕೆ ಅದನ್ನೇ ಒತ್ತುತ್ತಿದ್ದರು.

ಹೊಗೆಗೆ ಇಷ್ಟು ಕೆಲಸ ಕೊಟ್ಟ ಮನೆ, ಹೊಗೆಯನ್ನು ನುಂಗುವ ಕೆಲಸವನ್ನು ಯಾರಿಗೆ ಕೊಟ್ಟಿತ್ತು? ಅದೂ ನಮಗೆಲ್ಲ ಗೊತ್ತಿರುವುದೇ. ನಮ್ಮ ಮನೆಯಲ್ಲಿ ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಮೊದಲು ಒಂದು ಇಡೀ ದಿನ ಇಲ್ಲಣ ಹೊಡೆಯುವುದಕ್ಕೆ ಮೀಸಲು. ಉದ್ದದ ಬಿದಿರು ಗಳದ ತುದಿಗೆ ಹಿಡಿಸೂಡಿ ಕಟ್ಟಿ, ತಲೆಗೊಂದು ಹಳೇ ಪಂಚೆ ಸುತ್ತಿ, ಸೆರಗನ್ನು ಮೂಗಿಗೆ ಬಿಗಿದು ಅಮ್ಮ ಮಾಡಿಗೆ ಹೊಡೆಯುತ್ತಿದ್ದಳು. ನಾವು ಮಕ್ಕಳು ಅಂಗಳದಲ್ಲಿ. ಸಂಜೆ ಸ್ನಾನ ಮಾಡಿ ಬಂದಮೇಲೂ ಎರಡು ದಿನ ಅವಳು ಉಗುಳಿದ್ದು ಕಪ್ಪಗಿರುತ್ತಿತ್ತು. ಆ ಕೆಲಸಕ್ಕೆ ಕೂಲಿ ಇರಲಿಲ್ಲ, ‘ಹಬ್ಬದ ಕೆಲಸ’ ಅನ್ನುವುದು ಬಿಟ್ಟರೆ ಹೆಸರೂ ಇರಲಿಲ್ಲ. ಊರಿನ ಆಯಗಾರರಲ್ಲಿ ಬಡಗಿ, ಕಮ್ಮಾರ, ಕುಂಬಾರ, ಅಗಸ ಎಲ್ಲರಿಗೂ ಸುಗ್ಗಿಯಲ್ಲಿ ಇಷ್ಟು ಭತ್ತ ಅಂತ ಲೆಕ್ಕವಿತ್ತು. ಒಲೆಯ ಮಸಿಗೆ ಆಯವಿರಲಿಲ್ಲ.

ನಮ್ಮ ಈ ಎರಡು ತಾಲ್ಲೂಕುಗಳಲ್ಲಿ ಬರವಣಿಗೆಗೇನೂ ಬರವಿಲ್ಲ. ಬಿ.ಎಲ್. ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕಾ’ ಹೊರತಂದಾಗ ಶಿವಮೊಗ್ಗ ಜಿಲ್ಲೆಯೊಂದಕ್ಕೇ ಎರಡು ಸಂಪುಟ ಬೇಕಾದವು: ಶಿಕಾರಿಪುರದ ಶಾಸನಗಳು ಏಳನೆಯದರಲ್ಲಿ, ಸೊರಬದವು ಎಂಟನೆಯದರಲ್ಲಿ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಯ ಮಠದ 1162ರ ಶಾಸನವನ್ನು ಇತಿಹಾಸ ಓದಿದವರೆಲ್ಲ ಬಲ್ಲರು. ವೇದ, ವ್ಯಾಕರಣ, ತರ್ಕ ಕಲಿಸುವ ಜಾಗ ಅದು. ರೋಗಿಗಳಿಗೆ ಔಷಧ ಕೊಡುವ ಜಾಗ. ದೀನರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಅನ್ನ ಹಾಕುವ ಜಾಗ. ಓದುವಾಗ ಹೆಮ್ಮೆಯಾಗುತ್ತದೆ. ಅದರ ಜೊತೆಗೇ ನನಗೆ ಇನ್ನೊಂದು ಯೋಚನೆ ಬರುತ್ತದೆ. ಅಷ್ಟು ಜನರ ಅನ್ನ ಬೇಯಬೇಕಾದರೆ ದಿನವೂ ಎಷ್ಟು ಸೌದೆ ಉರಿದಿರಬೇಕು, ಎಷ್ಟು ಹೊಗೆ ಎದ್ದಿರಬೇಕು? ದತ್ತಿ ಕೊಟ್ಟವರು ಯಾರು, ಪಡೆದವರು ಯಾರು ಅನ್ನೋದು ಕಲ್ಲಿನಲ್ಲಿ ನಿಂತಿದೆ. ಒಲೆ ಊದಿದವರು, ಮಸಿ ಬಳಿದವರು ಯಾರು ಅನ್ನೋದು ಕಲ್ಲಿಗೆ ಬೇಕಾದ ವಿಷಯವಲ್ಲ.

ಇಂಗ್ಲೆಂಡಿನಲ್ಲಿ ಈ ಕಥೆ ಬೇರೆ ದಾರಿ ಹಿಡಿಯಿತು. ಅಲ್ಲಿ ಚಳಿಗೆ ಕೋಣೆ ಕೋಣೆಯಲ್ಲೂ ಕಲ್ಲಿದ್ದಲಿನ ಬೆಂಕಿ, ಪ್ರತಿ ಬೆಂಕಿಗೂ ಗೋಡೆಯೊಳಗೆ ಇಕ್ಕಟ್ಟಾದ ಹೊಗೆಗೂಡು. ಗುಡಿಸದೇ ಬಿಟ್ಟರೆ ಕಟ್ಟಿದ ಮಸಿಗೇ ಬೆಂಕಿ ಹತ್ತಿ ಮನೆ ಸುಡುತ್ತಿತ್ತು. ಹಾಗಾಗಿ ಗುಡಿಸುವುದೇ ಒಂದು ಕಸುಬಾಯಿತು. ದೊಡ್ಡವರು ತೂರಲಾರದ ಕೊಳವೆಯೊಳಗೆ ಬಡವರ ಮಕ್ಕಳನ್ನು ಹತ್ತಿಸಿದರು. ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್, ಈ ಕಸುಬಿನವರ ವೃಷಣದ ಚರ್ಮಕ್ಕೆ ಬರುವ ಕ್ಯಾನ್ಸರಿಗೆ ಮಸಿಯೇ ಕಾರಣ ಅಂತ 1775ರಲ್ಲಿ ಬರೆದ. ಮಾಡುವ ಕೆಲಸದಿಂದ ಕ್ಯಾನ್ಸರ್ ಬರುತ್ತದೆ ಅಂತ ವೈದ್ಯಶಾಸ್ತ್ರ ಗುರುತಿಸಿದ ಮೊದಲ ಉದಾಹರಣೆ ಅದು. ಎಂಟು ವರ್ಷ ತುಂಬದ ಹುಡುಗರನ್ನು ಸೇರಿಸಿಕೊಳ್ಳಬಾರದು ಅಂತ 1788ರಲ್ಲಿ ಕಾನೂನು ಬಂತು. ಆಮೇಲೆ 1834, 1840, 1864ರಲ್ಲಿ ಮತ್ತೆ ಮತ್ತೆ ಕಾನೂನು. ಯಾವುದನ್ನೂ ಯಾರೂ ಸರಿಯಾಗಿ ಪಾಲಿಸಲಿಲ್ಲ. ಉದ್ದ ಕೋಲಿನ ತುದಿಗೆ ಕುಂಚವಿರುವ ಯಂತ್ರವನ್ನು ಜಾರ್ಜ್ ಸ್ಮಾರ್ಟ್ ಎಂಬಾತ 1803ರಲ್ಲೇ ಮಾಡಿದ್ದ. ಆದರೂ ಹುಡುಗರನ್ನು ಹತ್ತಿಸುವುದು ನಿಲ್ಲಲಿಲ್ಲ, ಯಾಕಂದರೆ ಹುಡುಗ ಯಂತ್ರಕ್ಕಿಂತ ಅಗ್ಗ. ಕೊನೆಗೆ 1875ರಲ್ಲಿ ಕೇಂಬ್ರಿಜ್ ಹತ್ತಿರದ ಫುಲ್ಬೋರ್ನ್ ಆಸ್ಪತ್ರೆಯ ಹೊಗೆಗೂಡಿನಲ್ಲಿ ಸಿಕ್ಕಿಕೊಂಡ ಜಾರ್ಜ್ ಬ್ರೂಸ್ಟರ್ ಎಂಬ ಹುಡುಗ ಸತ್ತ. ಅದೇ ವರ್ಷ ಬಂದ ಕಾಯಿದೆ ಗುಡಿಸುವವರಿಗೆಲ್ಲ ಪರವಾನಗಿ ಕಡ್ಡಾಯ ಮಾಡಿತು. ಆಮೇಲೆ ಈ ಪದ್ಧತಿ ನಿಂತಿತು.

ಆ ಮಕ್ಕಳ ಪಾಡು ನಮ್ಮ ಅಮ್ಮಂದಿರ ಪಾಡಿಗಿಂತ ಘೋರ, ಅದರಲ್ಲಿ ಅನುಮಾನವಿಲ್ಲ. ಆದರೆ ಒಂದು ವ್ಯತ್ಯಾಸ ಗಮನಿಸಿ. ಅವರ ಕೆಲಸಕ್ಕೆ ಹೆಸರಿತ್ತು, ಯಜಮಾನನಿದ್ದ, ದರವಿತ್ತು. ಹಾಗಾಗಿ ಸತ್ತವರನ್ನು ಎಣಿಸಲು ಬಂತು, ಯಜಮಾನನನ್ನು ಕಟಕಟೆಗೆ ತರಲು ಬಂತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇವತ್ತು ಚಿಮಣಿ ಗುಡಿಸುವವರಿಗೆ ತಾಗುವ ಮಸಿಯನ್ನು ‘ಕ್ಯಾನ್ಸರ್ ತರುವುದು ಖಚಿತ’ ಎಂಬ ಮೊದಲ ಗುಂಪಿನಲ್ಲಿ ಇಟ್ಟಿದೆ. ಮನೆಯೊಳಗಿನ ಸೌದೆ ಹೊಗೆ ಅದರ ನಂತರದ ‘ಬಹುಶಃ ತರುತ್ತದೆ’ ಎಂಬ ಗುಂಪಿನಲ್ಲಿದೆ. ಕಸುಬಿನವರನ್ನು ಹುಡುಕಿ ಎಣಿಸುವುದು ಸುಲಭ. ಅಡುಗೆಮನೆಯಲ್ಲಿ ಕೆಮ್ಮುವವಳನ್ನು ಎಣಿಸಲು ಹೋದವರು ಕಡಿಮೆ.

ನಮ್ಮಲ್ಲಿ ಹೊಗೆಕೊಳವೆ ಮನೆ ಮನೆಯ ಮಾತಾಗಿದ್ದು ಸರ್ಕಾರದ ಯೋಜನೆ ಮೂಲಕ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಹುಟ್ಟಿತು. ಹಳ್ಳಿಗೆ ಬೇಕಾದ ವಿಜ್ಞಾನ ಮಾಡಬೇಕು ಅನ್ನೋದು ಅದರ ಹಟ. ಕುಣಿಗಲ್ ತಾಲ್ಲೂಕಿನ ಉಂಗ್ರ ಅವರ ಪ್ರಯೋಗದ ಹಳ್ಳಿ. ಅಲ್ಲಿಯ ವಿಜ್ಞಾನಿಗಳು ಮಾಡಿದ ಮೂರು ಪಾತ್ರೆಯ ಒಲೆಯೇ ಅಸ್ತ್ರ ಒಲೆ. ಸೌದೆ ಉರಿಯುವ ಗೂಡು ಮುಚ್ಚಿರುತ್ತದೆ, ಕೆಳಗೆ ಜಾಲರಿ, ಹಿಂದೆ ಮಾಡು ದಾಟಿ ಹೋಗುವ ಕೊಳವೆ. ಹಳೆಯ ಒಲೆಯಲ್ಲಿ ಉರಿದ ಸೌದೆಯ ಶಾಖದಲ್ಲಿ ನೂರಕ್ಕೆ ಹತ್ತು ಹದಿನೈದು ಪಾಲು ಪಾತ್ರೆಗೆ ಸಿಕ್ಕರೆ ಹೆಚ್ಚು. ಅಸ್ತ್ರ ಒಲೆ ಪ್ರಯೋಗಾಲಯದಲ್ಲಿ ಅದನ್ನು 40ರ ಆಸುಪಾಸಿಗೆ ಏರಿಸಿತು. ಕೇಂದ್ರ ಸರ್ಕಾರದ ಸುಧಾರಿತ ಒಲೆ ಕಾರ್ಯಕ್ರಮ 1983ರಲ್ಲಿ ಶುರುವಾಗಿ 2002ರವರೆಗೆ ನಡೆಯಿತು. ದೇಶದಲ್ಲಿ ಸುಮಾರು ಮೂರೂವರೆ ಕೋಟಿ ಒಲೆ ಹಾಕಿದ ಲೆಕ್ಕ ತೋರಿಸಿತು.

ಒಲೆ ಕೆಟ್ಟದಿರಲಿಲ್ಲ. ನಮ್ಮ ಕಡೆ ಹಾಕಿಸಿಕೊಂಡವರು ಮೊದಲ ವರ್ಷ ಹೊಗಳಿದ್ದನ್ನು ಕೇಳಿದ್ದೇನೆ. ಗೋಡೆ ಕಪ್ಪಾಗಲ್ಲ, ಕಣ್ಣುರಿ ಇಲ್ಲ, ಸೌದೆ ಕಡಿಮೆ ಸಾಕು ಅಂತ. ಆದರೆ ಕೊಳವೆ ಅಂದಮೇಲೆ ಅದರೊಳಗೆ ಮಸಿ ಕಟ್ಟಲೇಬೇಕು. ಬಿಸಿಗಾಳಿ ಮೇಲೇರುವಾಗ ಹಿಂದೆ ತಣ್ಣನೆ ಗಾಳಿಯನ್ನು ಎಳೆದುಕೊಳ್ಳುತ್ತದೆ, ಆ ಎಳೆತದಲ್ಲೇ ಬೆಂಕಿ ಉರಿಯುವುದು. ಹಸಿ ಸೌದೆ ಹಾಕಿದರೆ ಹೊಗೆ ತಣ್ಣಗಾಗಿ ಕೊಳವೆಯ ಒಳಮೈಗೆ ಜಿಡ್ಡಾಗಿ ಅಂಟುತ್ತದೆ. ದಾರಿ ಸಣ್ಣದಾದಷ್ಟೂ ಎಳೆತ ಕಡಿಮೆ. ಕೊನೆಗೆ ಹೊಗೆ ತಿರುಗಿ ಒಲೆಯ ಬಾಯಿಂದಲೇ ಬರುತ್ತದೆ. ಆಗಾಗ ಕಲ್ಲು ಕಟ್ಟಿದ ಹಗ್ಗಕ್ಕೆ ಗೋಣಿಚೂರು ಬಿಗಿದು ಮೇಲಿಂದ ಇಳಿಬಿಟ್ಟು ಎಳೆಯಬೇಕು, ಬುಡದ ಬಿರಡೆ ತೆಗೆದು ಮಸಿ ಬಾಚಬೇಕು.

ಮೇಲಿಂದ ಅಂದರೆ? ಹೆಂಚಿನ ಮಾಡು ಹತ್ತಬೇಕು. ಪಾಚಿ ಕಟ್ಟಿದ ಹೆಂಚಿನ ಮೇಲೆ ಸೀರೆ ಉಟ್ಟವಳು ಹತ್ತುವ ರೂಢಿ ಯಾವ ಊರಲ್ಲಿತ್ತು? ಗಂಡಸರಿಗೆ ಅದು ‘ಅಡುಗೆಮನೆ ಕೆಲಸ’, ಹೆಂಗಸರಿಗೆ ಅದು ‘ಮಾಡಿನ ಕೆಲಸ’. ಎರಡರ ನಡುವೆ ಕೊಳವೆ ಕಟ್ಟಿಕೊಂಡು ಕೂತಿತು. ಜೊತೆಗೆ ಕೊಳವೆಯ ಸುತ್ತ ಮಳೆನೀರು ಸೋರುವುದು, ಹೊಗೆ ಇಲ್ಲದ ಅಟ್ಟದಲ್ಲಿ ಸೌದೆ ಒಣಗದಿರುವುದು, ರೀಪಿಗೆ ಕುಟ್ಟೆ ಬೀಳುವುದು. ಅಂತೂ ಒಂದೊಂದಾಗಿ ಮನೆಗಳು ಹಳೆಯ ಒಲೆಗೆ ಮರಳಿದವು. ‘ಈ ಒಲೆ ನಮಗೆ ಆಗಿಬರಲ್ಲ’ ಅಂತ ಮಾತು ಮುಗಿಯಿತು. ಯೋಜನೆಯಲ್ಲಿ ಒಲೆಗೆ ಹಣವಿತ್ತು, ಕಟ್ಟುವವರಿಗೆ ತರಬೇತಿಯಿತ್ತು. ಐದು ವರ್ಷ ತಿಂಗಳು ತಿಂಗಳು ಗುಡಿಸುವವರಿಗೆ ಕಾಸಿರಲಿಲ್ಲ.

ಇದು ನಮ್ಮ ಸೋಮಾರಿತನದ ಕಥೆಯೂ ಅಲ್ಲ, ನಮ್ಮೊಬ್ಬರದೇ ಕಥೆಯೂ ಅಲ್ಲ. ಒಡಿಶಾದ ಹಳ್ಳಿಗಳಲ್ಲಿ ಸುಮಾರು 2,600 ಮನೆಗಳ ಮೇಲೆ ರೀಮಾ ಹನ್ನಾ, ಎಸ್ತರ್ ಡಫ್ಲೊ, ಮೈಕೆಲ್ ಗ್ರೀನ್‌ಸ್ಟೋನ್ ನಡೆಸಿದ ಅಧ್ಯಯನವೂ ಇದನ್ನೇ ಹೇಳಿತು. ಕೊಳವೆಯ ಒಲೆ ಬಂದ ಮೊದಲ ವರ್ಷ ಹೆಂಗಸರ ಒಳಗೆ ಹೋಗುವ ಹೊಗೆ ಕಡಿಮೆಯಾಯಿತು. ಆಮೇಲೆ ವ್ಯತ್ಯಾಸ ಉಳಿಯಲಿಲ್ಲ. ಒಲೆಯನ್ನು ಬಳಸುವುದು ಕಡಿಮೆಯಾಯಿತು, ಬಳಸಿದವರೂ ಸರಿಯಾಗಿ ನಿಗಾ ಮಾಡಲಿಲ್ಲ. ಒಲೆಯೊಂದರ ಲಾಭವೆಲ್ಲ ಅದನ್ನು ಗುಡಿಸುವ ಕೈಯ ಮೇಲೆ ನಿಂತಿತ್ತು.

ಈಗ ಗ್ಯಾಸ್ ಬಂದಿದೆ. 2016ರ ಉಜ್ವಲ ಯೋಜನೆಯ ನಂತರವಂತೂ ಸಿಲಿಂಡರ್ ಕಾಣದ ಮನೆ ಅಪರೂಪ. ಶಿಕಾರಿಪುರ ಪೇಟೆಯ ಹೊಸ ಮನೆಗಳಲ್ಲಿ ಗ್ಯಾಸ್ ಒಲೆಯ ಮೇಲೆ ಕರೆಂಟಿನ ಚಿಮಣಿ ಕೂತಿದೆ. ಈ ಪದ ಇಷ್ಟು ದಿನ ಸುತ್ತಾಡಿ ಕಡೆಗೂ ತನ್ನ ಮೂಲ ಅರ್ಥಕ್ಕೆ ಬಂತು. ಅದರ ಜಾಲರಿಗೆ ಒಗ್ಗರಣೆಯ ಜಿಡ್ಡು ಕಟ್ಟಿದರೆ ಫೋನ್ ಮಾಡಿದರಾಯಿತು, ಸರ್ವಿಸ್ ಹುಡುಗ ಬ್ಯಾಗು ಹಿಡಿದು ಬರುತ್ತಾನೆ. ಒಂದು ಗಂಟೆ ಕೆಲಸ, ಇಷ್ಟು ದುಡ್ಡು ಅಂತ ರಸೀದಿ. ಅವನು ದುಡ್ಡು ತಗೊಳ್ಳುವುದು ನ್ಯಾಯವೇ. ನನಗೆ ಕಾಣುವುದು ಇಷ್ಟು: ಅದೇ ಜಿಡ್ಡನ್ನು ಶತಮಾನಗಳ ಕಾಲ ತೆಗೆದ ಕೈಗೆ ರಸೀದಿ ಇರಲಿಲ್ಲ.

ಹಾಗಂತ ಹೊಗೆ ಮುಗಿದಿಲ್ಲ. ಅಡುಗೆಮನೆ ಬಿಟ್ಟು ಮನೆಯ ಹಿಂದಕ್ಕೆ ಹೋಗಿದೆ. ಬಚ್ಚಲ ಹಂಡೆಯ ಕೆಳಗೆ ಈಗಲೂ ಸೌದೆಯೇ ಉರಿಯುವುದು. ಸುಗ್ಗಿಯಲ್ಲಿ ಅಡಿಕೆ ಬೇಯಿಸುವ ಒಲೆ ಹಗಲು ರಾತ್ರಿ ಉರಿಯುತ್ತದೆ. ಸಿಲಿಂಡರ್ ದರ ಏರಿದಾಗ ಅನ್ನಕ್ಕೂ ಸೌದೆ ಒಲೆಯೇ ಗತಿಯಾಗುವ ಮನೆಗಳಿವೆ. ಅದರ ಮುಂದೆ ಕೂತವರ ವಯಸ್ಸು ನೋಡಿ, ಹೆಚ್ಚಿನವರು ಅರವತ್ತು ದಾಟಿದ ಹೆಂಗಸರು.

ಸ್ಥಳೀಯ ಇತಿಹಾಸ ಬರೆಯುವ ಗೆಳೆಯರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ತಾಳಗುಂದ, ಬಳ್ಳಿಗಾವೆ, ಚಂದ್ರಗುತ್ತಿ, ಕುಬಟೂರು ಅಂತ ವೀರಗಲ್ಲು, ಮಾಸ್ತಿಕಲ್ಲು ಹುಡುಕಿ ಗದ್ದೆ ಬದು ಸುತ್ತುವವರು. ಅವರಿಗೆ ನನ್ನದೊಂದು ಕೋರಿಕೆ. ಕಲ್ಲು ನೋಡಿ ವಾಪಸು ಬರುವಾಗ ಆ ಊರಿನ ಒಬ್ಬ ಅಜ್ಜಿಯ ಹತ್ತಿರ ಹತ್ತು ನಿಮಿಷ ಕೂರಿ. ಎಷ್ಟು ವರ್ಷ ಊದುಗೊಳವೆ ಹಿಡಿದಿರಿ, ಕೆಮ್ಮು ಯಾವಾಗ ಶುರುವಾಯ್ತು, ಕಣ್ಣು ಮಂಜಾಗಿದ್ದು ಯಾವಾಗ, ಅಸ್ತ್ರ ಒಲೆ ಯಾಕೆ ಒಡೆದು ಹಾಕಿದಿರಿ ಅಂತ ಕೇಳಿ, ಬರೆದುಕೊಳ್ಳಿ. ಕಲ್ಲು ಇನ್ನೂ ನೂರು ವರ್ಷ ಕಾಯುತ್ತದೆ. ಅಜ್ಜಿ ಕಾಯುವುದಿಲ್ಲ.

ಇತಿಹಾಸ ಬರೆಯದ ನಮ್ಮಂಥವರಿಗೂ ಒಂದು ಕೆಲಸವಿದೆ. ಮನೆಯ ಬಚ್ಚಲ ಒಲೆಗೆ ಕೊಳವೆ ಇದ್ದರೆ ಅದನ್ನು ಕಡೆಯ ಸಲ ಗುಡಿಸಿದ್ದು ಯಾವಾಗ ಅಂತ ವಿಚಾರಿಸಿ. ಉತ್ತರ ಬರದಿದ್ದರೆ ಈ ಭಾನುವಾರ ಹಗ್ಗ, ಗೋಣಿಚೂರು ತಗೊಂಡು ಮಾಡು ಹತ್ತುವ ಸರದಿ ಗಂಡಸರದ್ದು.